ಘಟ್ಟದ ಮೇಲಿನ ತಲೆಬಿಸಿ

ನಮ್ಮ ಕಡೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಮನೆಮಾತಿನಲ್ಲಿ ‘ಒತ್ತಡ’ ಎಂಬ ಶಬ್ದ ಕೇಳುವುದು ಅಪರೂಪ. ಒತ್ತಡ ಇರುವುದು ರಕ್ತಕ್ಕೆ, ಅದೂ ಡಾಕ್ಟರು ಹೇಳಿದ ಮೇಲೆ. ಮನಸ್ಸಿಗೆ ಆಗುವುದು ತಲೆಬಿಸಿ. ಕೊಳೆ ಬಂದರೆ ತಲೆಬಿಸಿ, ಸೊಸೈಟಿಯ ಸಾಲದ ಕಂತು ಬಂದರೆ ತಲೆಬಿಸಿ, ಮಾಣಿಗೆ ಹೆಣ್ಣು ಸಿಗದಿದ್ದರೆ ತಲೆಬಿಸಿ, ಕೊನೆ ಕೊಯ್ಯುವವರು ಹೇಳಿದ ದಿನ ಬರದಿದ್ದರೂ ತಲೆಬಿಸಿ. ದಕ್ಷಿಣ ಕನ್ನಡದವರು ಇದನ್ನೇ ಮಂಡೆಬಿಸಿ ಎನ್ನುತ್ತಾರೆ. ಚಿಂತೆ, ಕಳವಳ, ಬೇಗುದಿ ಎಂಬ ಪುಸ್ತಕದ ಶಬ್ದಗಳಿಗಿಂತ ಇದು ಹೆಚ್ಚು ಖಚಿತ ಎಂದು ನನಗೆ ಅನಿಸುತ್ತದೆ. ಬಿಸಿ ಎಂದಮೇಲೆ ಅದಕ್ಕೆ ಒಂದು ಒಲೆ ಇರಬೇಕು. ಒಲೆ ಎಲ್ಲಿದೆ, ಉರಿ ಯಾರು ಹಾಕಿದರು, ಅದನ್ನು ಯಾರು ಹೇಗೆ ತಣಿಸಿದರು ಎಂದು ಕೇಳಬಹುದು. ಚರಿತ್ರೆಯ ವಿದ್ಯಾರ್ಥಿಗೆ ಇಂಥ ಪ್ರಶ್ನೆಗಳೇ ಬೇಕು.

ಈ ಪ್ರಶ್ನೆ ನನಗೆ ಬಂದದ್ದು ಮಾತ್ರ ಪುಸ್ತಕದಿಂದ ಅಲ್ಲ. ಪಿಎಚ್‌.ಡಿ.ಯ ನಾಲ್ಕನೇ ವರ್ಷದಲ್ಲಿ ನನಗೆ ನಿದ್ದೆ ಬಿಟ್ಟುಹೋಯಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಎದೆ ಡವಡವ, ಬರೆಯಬೇಕಾದ ಅಧ್ಯಾಯ ನೆನಪಾದರೆ ಹೊಟ್ಟೆಯಲ್ಲಿ ಕಲ್ಲು. ಗೆಳತಿಯೊಬ್ಬಳು ಒತ್ತಾಯ ಮಾಡಿ ಆಪ್ತಸಮಾಲೋಚಕಿಯ ಬಳಿ ಕರೆದುಕೊಂಡು ಹೋದಳು. ಅವರು ಉಸಿರಾಟದ ಅಭ್ಯಾಸ, ದಿನಕ್ಕೆ ಅರ್ಧ ತಾಸು ನಡಿಗೆ, ಮಲಗುವ ಒಂದು ತಾಸು ಮೊದಲು ಮೊಬೈಲು ಬದಿಗೆ ಇಡುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಇವನ್ನೆಲ್ಲ ಹೇಳಿದರು. ಎಲ್ಲವೂ ಉಪಯೋಗಕ್ಕೆ ಬಂದವು. ಆದರೆ ಏಳುವ ಹೊತ್ತಿಗೆ ಅವರು ಕೇಳಿದ ಒಂದು ಮಾತು ಉಳಿದುಬಿಟ್ಟಿತು: “ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಹಿಂದಿನವರು ಕಷ್ಟ ಬಂದಾಗ ಏನು ಮಾಡ್ತಿದ್ರು?” ನನ್ನ ಸಂಶೋಧನೆಯೇ ಘಟ್ಟದ ಮೇಲಿನ ತಾಲೂಕುಗಳ ಕೃಷಿ ಚರಿತ್ರೆ. ಆದರೂ ನನ್ನ ಬಳಿ ಉತ್ತರ ಇರಲಿಲ್ಲ. ಕಾಗದಪತ್ರಗಳಲ್ಲಿ ಸಾಲದ ಲೆಕ್ಕ ಓದಿದ್ದೆ, ಸಾಲಗಾರನ ನಿದ್ದೆಯ ಬಗ್ಗೆ ಯೋಚಿಸಿರಲಿಲ್ಲ.

ಮೊದಲು ವಿಜ್ಞಾನದ ಕಡೆಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದೆ ಅದು ಬೇಕಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೆದರಿಕೆ ಮತ್ತು ಸಿಟ್ಟು ಬಂದಾಗ ದೇಹ ಹೋರಾಡಲು ಇಲ್ಲವೇ ಓಡಲು ಹೇಗೆ ಸಜ್ಜಾಗುತ್ತದೆ ಎಂದು ತೋರಿಸಿದ. ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ನಿಲ್ಲುತ್ತದೆ, ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ. ಎದುರಿಗೆ ಹುಲಿ ಇದ್ದರೆ ಇದು ವರ. 1936ರಲ್ಲಿ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದ. ಇಲಿಗಳಿಗೆ ಚಳಿ, ಗಾಯ, ಅತಿಯಾದ ದಣಿವು, ವಿಷ, ಯಾವುದನ್ನು ಕೊಟ್ಟರೂ ಅವುಗಳ ದೇಹ ಒಂದೇ ತರಹ ಕೆಡುತ್ತಿತ್ತು. ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಹುಲಿ ಬಂದು ಹೋದರೆ ದೇಹ ಸುಧಾರಿಸಿಕೊಳ್ಳುತ್ತದೆ. ಹುಲಿ ಅಂಗಳದಲ್ಲೇ ಬಿಡಾರ ಹೂಡಿದರೆ ದೇಹ ಸವೆಯುತ್ತದೆ. ಸೆಲ್ಯೆ ಮುಂದೆ ಇದಕ್ಕೆ ‘ಸ್ಟ್ರೆಸ್’ ಎಂಬ ಹೆಸರನ್ನು ಗಟ್ಟಿ ಮಾಡಿದ. ನಾವು ಇಂದು ಒತ್ತಡ ಎನ್ನುವುದು ಅದನ್ನೇ.

ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಜನರನ್ನು ಕೋಣೆಯಲ್ಲಿ ಕೂರಿಸಿ, ಯಾವಾಗ ಬರುತ್ತದೆಂದು ಗೊತ್ತಾಗದಂತೆ ಕರ್ಕಶ ಸದ್ದು ಕೇಳಿಸಿದರು. ಕೆಲವರ ಕೈಗೆ ಒಂದು ಗುಂಡಿ ಕೊಟ್ಟು, “ತಡೆಯಲು ಆಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದಿದ್ದರೆ ಒಳ್ಳೆಯದು” ಎಂದರು. ಹೆಚ್ಚಿನವರು ಒತ್ತಲೇ ಇಲ್ಲ. ಹಾಗಾಗಿ ಎರಡೂ ಗುಂಪು ಕೇಳಿದ ಸದ್ದು ಒಂದೇ. ಆಮೇಲೆ ಕೊಟ್ಟ ಕೆಲಸದಲ್ಲಿ ಮಾತ್ರ ಗುಂಡಿ ಇದ್ದವರು ಚೆನ್ನಾಗಿ ಮಾಡಿದರು, ಗುಂಡಿ ಇಲ್ಲದವರು ಬೇಗ ಕೈಚೆಲ್ಲಿದರು. ಕಷ್ಟದ ಪ್ರಮಾಣ ಎಷ್ಟು ಎನ್ನುವುದರ ಜೊತೆಗೆ, ಅದರ ಮೇಲೆ ನಮಗೆ ಸ್ವಲ್ಪವಾದರೂ ಹಿಡಿತ ಇದೆಯೇ ಎನ್ನುವುದೂ ತಲೆಬಿಸಿಯನ್ನು ನಿರ್ಧರಿಸುತ್ತದೆ.

ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಇದಕ್ಕೆ ಒಂದು ವಿಂಗಡಣೆ ಕೊಟ್ಟರು. ಮನುಷ್ಯರು ಕಷ್ಟವನ್ನು ಎರಡು ಬಗೆಯಲ್ಲಿ ನಿಭಾಯಿಸುತ್ತಾರೆ. ಒಂದು, ಕಷ್ಟದ ಮೂಲಕ್ಕೇ ಕೈಹಾಕುವುದು. ಇನ್ನೊಂದು, ಕಷ್ಟ ಹುಟ್ಟಿಸಿದ ಭಾವವನ್ನು ಸಂಭಾಳಿಸುವುದು. ಎರಡೂ ಬೇಕು. ಈ ಎರಡು ಕಣ್ಣುಗಳನ್ನು ಇಟ್ಟುಕೊಂಡು ನಮ್ಮ ಊರಿನ ಹಳೆಯ ಕಥೆಯನ್ನು ಮತ್ತೆ ಓದಿದೆ.

*

ಘಟ್ಟದ ಮೇಲಿನ ಈ ತಾಲೂಕುಗಳ ಭೂಮಿ ಹೊರಗಿನವರ ಕಣ್ಣಿಗೆ ಯಾವಾಗಲೂ ಚಂದವೇ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದಾ, ಶಿರಸಿಗಳ ತೋಟಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಣಿವೆಯಲ್ಲಿ ಅಡಿಕೆ, ಅದರ ಮೈಗೆ ಹಬ್ಬಿದ ಮೆಣಸು, ನಡುವೆ ಯಾಲಕ್ಕಿ ಮತ್ತು ಬಾಳೆ, ಮೇಲೆ ಸೊಪ್ಪಿನ ಬೆಟ್ಟ. ಆದರೆ ಅದೇ ನೀರು, ಅದೇ ನೆರಳು ಚಳಿಜ್ವರವನ್ನೂ ಸಾಕುತ್ತಿದ್ದವು. ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲಿನ ಆಡಳಿತದ ಬರವಣಿಗೆಯಲ್ಲಿ ಮೇಲಿನ ತಾಲೂಕುಗಳೆಂದರೆ ಜ್ವರದ ಸೀಮೆ. ಊದಿದ ಗುಲ್ಮಕ್ಕೆ ಜನ ‘ಜ್ವರಗಡ್ಡೆ’ ಎಂದು ಹೆಸರಿಟ್ಟಿದ್ದರು. ಎಷ್ಟು ಜನರ ಹೊಟ್ಟೆಯಲ್ಲಿ ಆ ಗಡ್ಡೆ ಇದ್ದಿರಬೇಕು, ಯೋಚಿಸಿ. ಮನೆಯಲ್ಲಿ ಈ ವರ್ಷ ಯಾರು ಮಲಗುತ್ತಾರೆ, ಯಾರು ಏಳುತ್ತಾರೆ ಎಂದು ಹೇಳಲು ಬಾರದ ಬದುಕು. ಸದ್ದು ಯಾವಾಗ ಬರುತ್ತದೆ ಗೊತ್ತಿಲ್ಲ, ಕೈಯಲ್ಲಿ ಗುಂಡಿ ಇಲ್ಲ.

ಜ್ವರದ ಜೊತೆ ಕಾಡಿನ ತಲೆಬಿಸಿಯೂ ಬಂತು. 1878ರ ಅರಣ್ಯ ಕಾಯಿದೆಯ ನಂತರ ಸೊಪ್ಪು, ಸೌದೆ, ದನ ಮೇಯುವ ಜಾಗ, ಕುಮರಿ ಬೇಸಾಯ, ಎಲ್ಲದಕ್ಕೂ ಗಡಿ ಬಿತ್ತು. ತೋಟಕ್ಕೆ ಸೊಪ್ಪು ಹಾಕದಿದ್ದರೆ ಅಡಿಕೆ ಇಲ್ಲ. ಸೊಪ್ಪು ತರಬೇಕೆಂದರೆ ಗಾರ್ಡಿನ ಮುಖ ನೋಡಬೇಕು. ಇದಕ್ಕೆ ಜಿಲ್ಲೆಯ ಜನ 19ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಕೊಂಡ ಸಂಘಟನೆಯ ಹೆಸರು ‘ವನದುಃಖ ನಿವಾರಣ ಸಭೆ’. ಈ ಹೆಸರನ್ನು ಮೊದಲ ಸಲ ಓದಿದಾಗ ನಾನು ಅದನ್ನು ಬರೀ ಸಂಘಟನೆಯೊಂದರ ಹೆಸರಾಗಿ ಟಿಪ್ಪಣಿ ಮಾಡಿಕೊಂಡಿದ್ದೆ. ಈಗ ಓದಿದರೆ ಬೇರೆಯೇ ಕಾಣುತ್ತದೆ. ಅವರು ‘ಹಕ್ಕು’ ಎನ್ನಲಿಲ್ಲ, ‘ದುಃಖ’ ಎಂದರು. ಮನೆಮನೆಯಲ್ಲಿ ಒಬ್ಬೊಬ್ಬರೇ ಅನುಭವಿಸುತ್ತಿದ್ದ ದುಃಖವನ್ನು ಎತ್ತಿ ತಂದು ಸಭೆಯ ನಡುವೆ ಇಟ್ಟರು. ಅರ್ಜಿಗಳಿಂದ ಸಿಕ್ಕಿದ್ದು ಕಡಿಮೆ, ಬೆಟ್ಟದ ಜಗಳ ಇಂದಿಗೂ ಮುಗಿದಿಲ್ಲ. ಆದರೂ ‘ನನಗೊಬ್ಬನಿಗೇ ಹೀಗೆ’ ಎಂಬ ಭಾವನೆ ಅಲ್ಲಿಗೆ ಮುರಿದಿರಬೇಕು.

*

ಮೂರನೆಯದು ಕೊಳೆ. ತೋಟದವರಲ್ಲದ ಓದುಗರಿಗೆ ಹೇಳಬೇಕು: ಆಷಾಢದ ಮಳೆ ಹಿಡಿದು ಬಿಡದೆ ಸುರಿದಾಗ, ಇನ್ನೂ ಹಸಿರಿರುವ ಅಡಿಕೆಕಾಯಿಗಳ ಮೇಲೆ ನೀರು ಕುಡಿದಂಥ ಕಲೆ ಮೂಡುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ, ಕಾಯಿ ಉದುರುತ್ತದೆ. ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡದಲ್ಲೆಲ್ಲ ಕಾಯಿ. ವರ್ಷದ ಆದಾಯ ಎರಡೇ ವಾರದಲ್ಲಿ ನೆಲದ ಮೇಲೆ. ಹಳೆಯ ಉಪಾಯವೆಂದರೆ ಕೊಟ್ಟೆ ಕಟ್ಟುವುದು. ಕೊನೆಗೌಡ ಮರವೇರಿ ಪ್ರತಿ ಕೊನೆಗೂ ಮಳೆ ತಾಗದಂತೆ ಹೊದಿಕೆ ಕಟ್ಟಬೇಕು. ಮಳೆ ಹಿಡಿಯುವ ಮೊದಲು ಮುಗಿಯಬೇಕು, ಜನ ಸಿಗಬೇಕು, ಖರ್ಚು ಬೇರೆ. ಅಷ್ಟು ಮಾಡಿದರೂ ಕೊಳೆ ಬಂದರೆ, ದೇವರ ಮುಂದೆ ಕಾಯಿ ಇಡುವುದು.

ಆ ಹೊತ್ತಿಗೆ ಪಕ್ಕದ ಮೈಸೂರು ಸಂಸ್ಥಾನಕ್ಕೆ ಒಬ್ಬ ಕೆನಡಾದವ ಬಂದ. ಲೆಸ್ಲಿ ಕೋಲ್ಮನ್, 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞನಾಗಿ ಕೆಲಸಕ್ಕೆ ಸೇರಿದವನು, ಮುಂದೆ ಮೈಸೂರಿನ ಕೃಷಿ ಇಲಾಖೆಯನ್ನೇ ಕಟ್ಟಿದವನು. ಮಲೆನಾಡಿನ ತೋಟಗಳಲ್ಲಿ ಕೊಳೆಯ ಬೆನ್ನು ಹತ್ತಿ 1910ರಲ್ಲಿ ಅದರ ಬಗ್ಗೆ ಒಂದು ಬುಲೆಟಿನ್ ಪ್ರಕಟಿಸಿದ. ರೋಗಕ್ಕೆ ಕಾರಣ ಫೈಟಾಫ್ತೊರಾ ಜಾತಿಯ ಒಂದು ಸೂಕ್ಷ್ಮಜೀವಿ, ಅದು ಮಳೆನೀರಿನಲ್ಲಿ ಹರಡುತ್ತದೆ, ಮಳೆಗೆ ಮೊದಲೇ ಕೊನೆಗೆ ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಎಂದ. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ಇಂದಿಗೂ ಅಳತೆ ಬಾಯಿಪಾಠ: ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದ್ರಾವಣದ ಹುಟ್ಟೂ ತಮಾಷೆಯದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ರೈತರು ತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಾಗದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದ.

ಗಡಿ ದಾಟಿದರೆ ಸಿದ್ದಾಪುರ. ಔಷಧಿ ಘಟ್ಟದ ಮೇಲಿನ ತೋಟಗಳಿಗೂ ಬಂತು. ‘ಮದ್ದು ಹೊಡೆಸುವುದು’ ನಮ್ಮ ವರ್ಷದ ಪಂಚಾಂಗದಲ್ಲಿ ಒಂದು ತಿಥಿಯೇ ಆಗಿಬಿಟ್ಟಿತು. ಮದ್ದು ಹೊಡೆಸಿದ ಮಾತ್ರಕ್ಕೆ ಕೊಳೆ ಪೂರ್ತಿ ನಿಲ್ಲುವುದಿಲ್ಲ. ಮಳೆ ಬಿಡುವು ಕೊಡದ ವರ್ಷ ಎರಡನೇ ಸಲ ಹೊಡೆಯಲು ಆಗದೆ ಬೆಳೆ ಹೋಗುತ್ತದೆ. ಆದರೆ ರೈತನ ಕೈಗೆ ಒಂದು ಗುಂಡಿ ಬಂತು. ನಮ್ಮ ಅಜ್ಜ ಮೃಗಶಿರ ಮಳೆಯ ಹೊತ್ತಿಗೆ “ಒಂದು ಮದ್ದು ಆತು” ಎಂದು ಹೇಳಿ ಕವಳದ ಬಟ್ಟಲಿನ ಮುಂದೆ ಕೂರುವಾಗ ಮುಖದಲ್ಲಿ ಇರುತ್ತಿದ್ದ ನಿರಾಳ ನನಗೆ ನೆನಪಿದೆ. ಅದು ಫಸಲು ಉಳಿಯಿತೆಂಬ ನಿರಾಳ ಅಲ್ಲ, ಫಸಲಿನ ಮಾತು ಇನ್ನೂ ನಾಲ್ಕು ತಿಂಗಳ ಆಚೆ. ಮಾಡಬೇಕಾದ್ದು ಮಾಡಿದೆ ಎಂಬ ನಿರಾಳ.

ಚಳಿಜ್ವರದ ಕಥೆಯೂ ಕೊನೆಗೆ ಹೀಗೆಯೇ ಮುಗಿಯಿತು. 1940ರ ದಶಕದ ನಡುವೆ ಮುಂಬಯಿ ಪ್ರಾಂತದ ಮಲೇರಿಯಾ ಅಧಿಕಾರಿ ಡಿ. ಕೆ. ವಿಶ್ವನಾಥನ್ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಸಿದರು. ಇಲ್ಲಿನ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಧೈರ್ಯ ಕೊಟ್ಟ ಅನುಭವಗಳಲ್ಲಿ ಒಂದು. ಡಿಡಿಟಿಯ ಕೆಡುಕು ಆಮೇಲೆ ತಿಳಿಯಿತು, ಆ ಚರ್ಚೆ ಬೇರೆ. ತಲೆಮಾರುಗಳ ಒಂದು ಭಯ ಒಂದೆರಡು ದಶಕದಲ್ಲಿ ಮನೆ ಬಿಟ್ಟು ಹೋಯಿತು.

*

ಬೆಳೆ ಉಳಿದರೂ ತಲೆಬಿಸಿ ಉಳಿಯುತ್ತಿತ್ತು, ಏಕೆಂದರೆ ಬೆಲೆ ಕೈಯಲ್ಲಿರಲಿಲ್ಲ. ಮಳೆಗಾಲದ ಖರ್ಚಿಗೆ ವ್ಯಾಪಾರಿಯ ಹತ್ತಿರ ಮುಂಗಡ, ಆ ಮುಂಗಡಕ್ಕೆ ಬರುವ ಫಸಲೇ ಒತ್ತೆ. ಅಡಿಕೆ ವಖಾರಿಗೆ ಬಿದ್ದ ಮೇಲೆ ತೂಕ ಅವನದು, ದರ ಅವನದು, ಬಡ್ಡಿಯ ಲೆಕ್ಕವೂ ಅವನದು. 1904ರ ಸಹಕಾರಿ ಕಾಯಿದೆಯ ನಂತರ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಆ ಗಾಳಿ ಘಟ್ಟಕ್ಕೂ ಬೀಸಿತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು, ಜನರ ಬಾಯಲ್ಲಿ ಟಿಎಸ್‌ಎಸ್. ಮುಂದೆ ಅದನ್ನು ಬೆಳೆಸಿದವರ ಮಾತು ಬಂದಾಗ ಕಡವೆ ಶ್ರೀಪಾದ ಹೆಗಡೆಯವರ ಹೆಸರು ಮೊದಲಿಗೇ ಬರುತ್ತದೆ.

ಸಂಘ ಮಾಡಿದ್ದು ಸರಳ ಕೆಲಸ. ಎಲ್ಲರ ಅಡಿಕೆಯನ್ನು ಒಂದು ಅಂಗಳಕ್ಕೆ ತಂದು, ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೋಕ ಎಂದು ವಿಂಗಡಿಸಿ ಇಟ್ಟು, ವ್ಯಾಪಾರಿಗಳೇ ಬಂದು ದರ ಬರೆಯುವ ಹಾಗೆ ಮಾಡುವುದು. ವ್ಯಾಪಾರಿಯ ಬಾಗಿಲಲ್ಲಿ ರೈತ ನಿಲ್ಲುವ ಬದಲು ರೈತರ ಅಂಗಳದಲ್ಲಿ ವ್ಯಾಪಾರಿ ನಿಂತ. ಜೊತೆಗೆ ಬೆಳೆಯ ಮೇಲೆ ಮುಂಗಡ, ತೋಟಕ್ಕೆ ಬೇಕಾದ ಸಾಮಾನು. ಬೆಲೆ ಇಳಿಯುವುದನ್ನು ಯಾವ ಸಂಘಕ್ಕೂ ತಡೆಯಲಾಗದು. 1970ರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ಕರಾವಳಿ ಮತ್ತು ಮಲೆನಾಡು ಎರಡೂ ತತ್ತರಿಸಿದವು. ಅದರ ಉತ್ತರವೂ ಮತ್ತೆ ಸಹಕಾರವೇ: 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ. ನಾನು ಈ ಸಂಸ್ಥೆಗಳನ್ನು ಅಲ್ಲಿಯ ತನಕ ಅರ್ಥಶಾಸ್ತ್ರದ ಕಣ್ಣಿನಿಂದಲೇ ನೋಡಿದ್ದೆ. ತಲೆಬಿಸಿಯ ಕಣ್ಣಿನಿಂದ ನೋಡಿದರೆ ಇವು ಒಬ್ಬೊಬ್ಬರ ರಾತ್ರಿಯ ಲೆಕ್ಕವನ್ನು ಹಗಲಿನ ಸಾಮೂಹಿಕ ಲೆಕ್ಕವಾಗಿ ಬದಲಿಸಿದ ಏರ್ಪಾಡುಗಳು.

ಆದರೆ ಮೂಲಕ್ಕೇ ಕೈಹಾಕುವುದು ಎಂದರೆ ಯಾವಾಗಲೂ ಹಗುರಾಗುವುದು ಎಂದಲ್ಲ. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆ ನೆಲಕಚ್ಚಿತು, ಕಂದಾಯ ಮಾತ್ರ ಇಳಿಯಲಿಲ್ಲ. ಕಾನೂನುಭಂಗ ಚಳವಳಿಯ ಆ ದಿನಗಳಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ಜನ ಕರನಿರಾಕರಣೆಗೆ ಇಳಿದರು. ಸರಕಾರ ಭೂಮಿ ಮುಟ್ಟುಗೋಲು ಹಾಕಿತು, ಮನೆಯ ಪಾತ್ರೆಪಗಡ ಹೊರಗೆ ಬಿತ್ತು, ಗಂಡಸರು ಹೆಂಗಸರು ಜೈಲಿಗೆ ಹೋದರು. ಮುಟ್ಟುಗೋಲಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ನೆನಪಿನ ಸ್ಮಾರಕ ಇದೆ. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿ, ಸಿದ್ದಾಪುರಕ್ಕೆ ಬಂದರು. ಭೂಮಿ ವಾಪಸಾಗಲು ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು 1938ರಲ್ಲಿ ಕಾಯಿದೆ ಮಾಡಬೇಕಾಯಿತು. ನಡುವಿನ ವರ್ಷಗಳಲ್ಲಿ ಆ ಮನೆಗಳು ಹೇಗೆ ಬದುಕಿದವು? ಹೊರೆ ಕಡಿಮೆಯಾಗಿರಲಿಲ್ಲ, ಹತ್ತು ಪಟ್ಟು ಹೆಚ್ಚಿತ್ತು. ಆದರೆ ಆ ಹೊರೆಯನ್ನು ಅವರು ತಾವೇ ಆರಿಸಿ ಹೊತ್ತಿದ್ದರು, ಪಕ್ಕದ ಮನೆಯವರೂ ಹೊತ್ತಿದ್ದರು. ಅರ್ಥ ಇರುವ ಕಷ್ಟವನ್ನೂ ಅರ್ಥ ಇಲ್ಲದ ಕಷ್ಟವನ್ನೂ ಮನಸ್ಸು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

*

ಇನ್ನು ಎರಡನೆಯ ಬಗೆ: ಮೂಲ ಬದಲಿಸಲಾಗದಾಗ ಭಾವವನ್ನು ಸಂಭಾಳಿಸುವುದು. ಇದರಲ್ಲಿ ನಮ್ಮ ಊರು ಶ್ರೀಮಂತ.

ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ಶುರುವಾಗುವುದು ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಯಾರದೋ ಮನೆಯ ಜಗುಲಿಯಲ್ಲಿ ಕಂಬಳಿ ಹಾಸಿ, ಭಾಗವತರು ಪದ ಹೇಳಿದರೆ ಊರವರೇ ಅರ್ಥ ಹೇಳುತ್ತಾರೆ. ಹೊರಗೆ ಕೊಳೆ ತರುವ ಅದೇ ಮಳೆ. ಒಳಗೆ, ಹಗಲು ಸೊಸೈಟಿಯಲ್ಲಿ ಸಾಲದ ಅವಧಿ ಮುಂದೂಡಲು ಕೈಕಟ್ಟಿ ನಿಂತಿದ್ದವನು ರಾತ್ರಿ ಕೌರವನಾಗಿ ಸಂಧಾನಕ್ಕೆ ಬಂದ ಕೃಷ್ಣನಿಗೇ ಎದುರುತ್ತರ ಕೊಡುತ್ತಿರುತ್ತಾನೆ. ಕರ್ಣನ ಬಾಯಲ್ಲಿ, ಅಂಬೆಯ ಬಾಯಲ್ಲಿ ಅವಮಾನದ ಮಾತು, ಒಂಟಿತನದ ಮಾತು, ವಿಧಿಯ ಮೇಲಿನ ಸಿಟ್ಟು ಎಲ್ಲ ಬರುತ್ತದೆ. ತನ್ನದೆಂದು ಹೇಳಲಾಗದ್ದನ್ನು ಇನ್ನೊಬ್ಬರದೆಂದು ಹೇಳಬಹುದು. ಒಳಗಿನ ಸಂಕಟವನ್ನು ಮಾತಾಗಿಸಿದವರ ಆರೋಗ್ಯ ಸುಧಾರಿಸುತ್ತದೆ ಎಂದು ಜೇಮ್ಸ್ ಪೆನ್ನೆಬೇಕರ್ 1986ರಿಂದ ಬರವಣಿಗೆಯ ಪ್ರಯೋಗಗಳಲ್ಲಿ ತೋರಿಸುತ್ತ ಬಂದ. ಜಗುಲಿಯ ಅರ್ಥಧಾರಿಗೆ ಆ ಪ್ರಯೋಗದ ಸುದ್ದಿ ಬೇಕಿರಲಿಲ್ಲ.

ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೊಂದು ಬಗೆ. ಸಂಜೆ ಊಟ ಮುಗಿಸಿ ಅಕ್ಕಪಕ್ಕದವರು ಮೆಟ್ಟುಗತ್ತಿ ಹಿಡಿದು ಬರುತ್ತಾರೆ. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ. ಕೈ ತನ್ನ ಪಾಡಿಗೆ ಸುಲಿಯುತ್ತದೆ, ಬಾಯಿ ಮಾತಾಡುತ್ತದೆ. ಸೊಸೆಯ ಬಸುರಿನ ಆತಂಕ, ದನದ ಕಾಯಿಲೆ, ಮಗನ ಪರೀಕ್ಷೆ, ಎಲ್ಲ ಬುಟ್ಟಿಗೆ ಬೀಳುತ್ತವೆ. ಯಾರೂ ಪರಿಹಾರ ಹೇಳುವುದಿಲ್ಲ, “ಹೌದನೇ?” ಎಂದು ಕೇಳುತ್ತಾರೆ, ಅಷ್ಟೇ. ಚಳಿಗಾಲದ ಕೊನೆಗೆ ಆಲೆಮನೆ, ಕಬ್ಬಿನ ಹಾಲು, ನಗೆ. ಸಿದ್ದಾಪುರದ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ಮುಂಚೆ ಹೆಂಗಸರು ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತ ಕೂರುತ್ತಾರೆ. ಗೆರೆ ಎಳೆಯುವ ಕೈಯ ಏಕಾಗ್ರತೆ ನೋಡಿದರೆ, ಇಂದು ದುಡ್ಡು ಕೊಟ್ಟು ಕಲಿಯುವ ಧ್ಯಾನದ ತರಗತಿ ನೆನಪಾಗುತ್ತದೆ. ಯಲ್ಲಾಪುರದ ಸಿದ್ದಿಗಳ ಡಮಾಮಿಯಲ್ಲಿ ದಿನದ ದಣಿವನ್ನು ಮೈಯೇ ಕುಣಿದು ಇಳಿಸುತ್ತದೆ.

*

ಇಲ್ಲಿಗೆ ನಿಲ್ಲಿಸಿದರೆ ಇದು ಊರಿನ ಹೊಗಳಿಕೆಯಾಗುತ್ತದೆ. ನಿಲ್ಲಿಸಬಾರದು.

ಜಗುಲಿಯ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು ಗಂಡಸರು. ನಡುರಾತ್ರಿ ಚಹಾ, ಅವಲಕ್ಕಿ ಮಾಡುತ್ತ ಒಳಗೆ ಎಚ್ಚರಿದ್ದವರ ತಲೆಬಿಸಿಗೆ ಯಾವ ಪ್ರಸಂಗವೂ ಇರಲಿಲ್ಲ. ಸಂಘದ ಷೇರು ತೋಟ ಇದ್ದವರದು. ಎತ್ತರದ ಮರದಿಂದ ಮರಕ್ಕೆ ಜೀಕುತ್ತ ಕೊನೆ ಇಳಿಸುತ್ತಿದ್ದವನು ಬಿದ್ದರೆ ಅವನ ಮನೆಗೆ ಏನಿತ್ತು? ಗೇಣಿಗೆ ಗದ್ದೆ ಮಾಡುತ್ತಿದ್ದವರ ಕಥೆಯೂ ಇದೇ. ಸಿದ್ದಾಪುರದ ಆಚೆ, ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಬಗ್ಗೆಯೇ 1951ರಲ್ಲಿ ಸತ್ಯಾಗ್ರಹ ನಡೆಯಿತು. ಅಳತೆಯ ಪಾತ್ರೆಯೇ ಎದುರಾಳಿಯ ಕೈಯಲ್ಲಿದ್ದರೆ ವರ್ಷದ ದುಡಿಮೆಯ ಮೇಲೆ ಯಾವ ಹಿಡಿತ? ಎಚ್. ಗಣಪತಿಯಪ್ಪನವರು ಮತ್ತು ದೀವರ ರೈತರು ಮೊದಲು ಕೇಳಿದ್ದು ಸರಿಯಾದ ಕೊಳಗ. ಭೂಮಿಯ ಮೇಲಿನ ಹಕ್ಕು 1974ರ ಭೂಸುಧಾರಣೆಯ ತನಕ ಕಾಯಬೇಕಾಯಿತು. ಒಬ್ಬರ ನಿರಾಳ ಇನ್ನೊಬ್ಬರ ತಲೆಬಿಸಿಯ ಮೇಲೆ ನಿಂತಿರಬಹುದು ಎಂಬುದನ್ನು ಚರಿತ್ರೆ ಮರೆಯಲು ಬಿಡುವುದಿಲ್ಲ.

ಎಲ್ಲ ದಾರಿಗಳೂ ಆರೋಗ್ಯದವೂ ಅಲ್ಲ. ಇಸ್ಪೀಟು ಇತ್ತು, ಸೆರೆ ಇತ್ತು. ಎಲ್ಲಕ್ಕಿಂತ ಹತ್ತಿರದ್ದು ಕವಳ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಸ್ವಲ್ಪ ಹೊತ್ತು ಚುರುಕು ಕೊಡುತ್ತದೆ, ಮೈ ಬೆಚ್ಚಗಾಗುತ್ತದೆ. ನಾವು ತಲೆಬಿಸಿ ಮಾಡಿಕೊಂಡು ಬೆಳೆದ ಅಡಿಕೆಯನ್ನು ದೂರದ ಊರಿನ ಲಾರಿ ಡ್ರೈವರು, ಗಾರೆ ಕೆಲಸದವನು ತನ್ನ ತಲೆಬಿಸಿ ಇಳಿಸಲು ಗುಟ್ಕಾದಲ್ಲಿ ಅಗಿಯುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಮಾರಿ ಓದಿದವಳು ನಾನು. ಈ ವಾಕ್ಯ ಬರೆಯುವಾಗ ಕೈ ಹಗುರವಾಗಿಲ್ಲ.

*

ಇಂದಿನ ಘಟ್ಟಕ್ಕೆ ಹೊಸ ಒಲೆಗಳು ಬಂದಿವೆ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ಮನೆ, ರಸ್ತೆ ಎಲ್ಲ ಮಣ್ಣಾದವು. ಮಂಗನ ಕಾಯಿಲೆ ಸಿದ್ದಾಪುರದ ಕಾಡಂಚಿನ ಮನೆಗಳಿಗೆ ಮತ್ತೆ ಮತ್ತೆ ಬರುತ್ತಿದೆ. ಇವುಗಳಷ್ಟೇ ಭಾರದ್ದು ಇನ್ನೊಂದು: ಮನೆಗಳಲ್ಲಿ ಜನ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಎಂಟು ಅಂಕಣದ ಮನೆಯ ಜಗುಲಿಯಲ್ಲಿ ಇಬ್ಬರು ವಯಸ್ಸಾದವರು, ಒಂದು ಟಿವಿ. ಅಡಿಕೆ ಸುಲಿಯಲು ಯಂತ್ರ ಬಂದಿದೆ. ಕೈಗಳಿಗೆ ಬಿಡುವು ಸಿಕ್ಕಿತು, ಅದು ಒಳ್ಳೆಯದೇ. ಆದರೆ ಯಂತ್ರ “ಹೌದನೇ?” ಎಂದು ಕೇಳುವುದಿಲ್ಲ.

ಅತ್ತ ಬೆಂಗಳೂರಿನಲ್ಲಿ ಅವರ ಮಕ್ಕಳಿಗೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಯುತ್ತದೆ. ಆಳವಾಗಿ ಉಸಿರಾಡಿ ಎನ್ನುತ್ತಾರೆ. ಉಸಿರಾಟ ನಿಜಕ್ಕೂ ಕೆಲಸ ಮಾಡುತ್ತದೆ. ಕ್ಯಾನನ್ ಹೇಳಿದ ಆ ಸಜ್ಜುಗೊಂಡ ದೇಹಕ್ಕೆ ‘ಹುಲಿ ಇಲ್ಲ’ ಎಂದು ತಿಳಿಸುವ ಸುಲಭ ದಾರಿ ಅದು. ನಿದ್ದೆ, ನಡಿಗೆ, ಹೊತ್ತಿಗೆ ಸರಿಯಾದ ಊಟ, ಇವು ಕೂಡ. ಆದರೆ ಘಟ್ಟದ ಚರಿತ್ರೆ ನನಗೆ ಹೇಳಿದ್ದು, ಇದು ಅರ್ಧ ಮಾತ್ರ. ಉಳಿದ ಅರ್ಧ, ಒಲೆ ಎಲ್ಲಿದೆ ಎಂದು ಹುಡುಕುವುದು. ಅದು ನನ್ನೊಬ್ಬಳ ಒಲೆಯೇ ಅಥವಾ ಹತ್ತು ಜನರದೇ ಎಂದು ಕೇಳುವುದು. ಹತ್ತು ಜನರದಾದರೆ ಒಂದು ಸಭೆ ಕರೆಯುವುದು. ಒಬ್ಬ ರೈತ ಎಷ್ಟು ಉಸಿರಾಡಿದರೂ ವಖಾರಿಯ ತಕ್ಕಡಿ ಸರಿಯಾಗುತ್ತಿರಲಿಲ್ಲ. ಹಾಗೆಯೇ, ಎಷ್ಟು ಸಂಘ ಕಟ್ಟಿದರೂ ಆಷಾಢದ ಮಳೆ ನಿಲ್ಲುತ್ತಿರಲಿಲ್ಲ. ಅದಕ್ಕೆ ತಾಳಮದ್ದಲೆ ಬೇಕಿತ್ತು. ಎರಡರಲ್ಲೂ ಮನುಷ್ಯ ಒಬ್ಬನೇ ಇರಲಿಲ್ಲ.

ಸಂಶೋಧನಾ ವಿದ್ಯಾರ್ಥಿಗಳಿಗೆ ಇದನ್ನು ಅನ್ವಯಿಸಿ ನೋಡಿದೆ. ನಾವು ಐದು ಜನ, ಬೇರೆ ಬೇರೆ ವಿಷಯದವರು, ವಾರಕ್ಕೆ ಒಂದು ಸಂಜೆ ಸೇರಲು ಶುರು ಮಾಡಿದೆವು. ಆ ವಾರ ಬರೆದ ಎರಡು ಪುಟ ಓದುವುದು, ಬರೆಯದಿದ್ದರೆ ಬರೆಯಲಿಲ್ಲ ಎಂದು ಹೇಳುವುದು. ನಮ್ಮೆಲ್ಲರ ತಲೆಬಿಸಿಯ ಅರ್ಧ ಭಾಗ ಒಂದೇ ಎಂದು ಎರಡನೇ ವಾರಕ್ಕೇ ಗೊತ್ತಾಯಿತು: ತಿಂಗಳುಗಟ್ಟಲೆ ಬಾರದ ಶಿಷ್ಯವೇತನ. ಐವರೂ ಸೇರಿ ಅರ್ಜಿ ಕೊಟ್ಟೆವು. ಹಣ ತಡವಾಗಿಯೇ ಬಂತು. ಆದರೆ ನನ್ನ ನಿದ್ದೆ ಹಣಕ್ಕಿಂತ ಮೊದಲು ಬಂತು.

ಒಂದು ಎಚ್ಚರಿಕೆಯ ಮಾತು. ಎಲ್ಲ ಬಿಸಿಯೂ ತಲೆಬಿಸಿ ಅಲ್ಲ. ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕು ಸಾಕೆನಿಸಿದರೆ ಅದು ಕಾಯಿಲೆ ಇರಬಹುದು, ಜ್ವರಗಡ್ಡೆಯಷ್ಟೇ ನಿಜವಾದ ಕಾಯಿಲೆ. ಅದಕ್ಕೆ ಜಗುಲಿಯ ಮಾತು ಸಾಲದು, ವೈದ್ಯರು ಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕ್ವಿನೈನ್ ಸಿಗುತ್ತಿದ್ದ ಕಾಲದಲ್ಲೂ ನಾಚಿಕೆಯಿಂದ ಜ್ವರ ಮುಚ್ಚಿಟ್ಟವರು ಯಾರೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಮನೆಗೆ ಹೋಗಿದ್ದೆ. ಅಪ್ಪ ಎರಡನೇ ಮದ್ದಿಗೆ ಮಳೆ ಬಿಡುವು ಕೊಡುವುದನ್ನೇ ಕಾಯುತ್ತ ಮೂರು ದಿನದಿಂದ ಜಗುಲಿ ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದ. ಡ್ರಮ್ಮಿನಲ್ಲಿ ಸುಣ್ಣ ನೆನೆಯುತ್ತಿತ್ತು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಇದೇ ಅಧ್ಯಾಯದ ಮೇಲೆ ಹುಬ್ಬು ಗಂಟಿಕ್ಕಿ ಕೂತಿದ್ದೆ. ಒಳಗಿಂದ ಬಂದ ಆಯಿ ಇಬ್ಬರನ್ನೂ ಒಂದು ಸಲ ನೋಡಿದಳು. “ತಲೆಬಿಸಿ ಮಾಡ್ಕಳಡ ಕೂಸೆ” ಎಂದಳು, ಅಪ್ಪನಿಗೂ ಕೇಳುವ ಹಾಗೆ. ಆಮೇಲೆ ಒಂದು ಬುಟ್ಟಿ ಹಲಸಿನ ಬೇಳೆ ತಂದು ನಮ್ಮಿಬ್ಬರ ನಡುವೆ ಸುರಿದು, ತಾನೂ ಕೂತಳು. ಮೂವರೂ ಸಿಪ್ಪೆ ಬಿಡಿಸತೊಡಗಿದೆವು. ಮಳೆ ಬಿಡಲಿಲ್ಲ. ಅಪ್ಪ ಸ್ವಲ್ಪ ಹೊತ್ತಿಗೆ ಹೋದ ವರ್ಷದ ಕೊಳೆಯ ಕಥೆ ಶುರು ಮಾಡಿದ.